ಏಳು ಸೀಟಿನ ಕಾರು ಕುಲುಕುತ್ತಿದೆಯೇ? ಶಾಕ್ ಅಬ್ಸಾರ್ಬರ್ ಬದಲಿಸುವ ಮುಂಚೆ ಇಷ್ಟು ನೋಡಿ

"ಎರ್ಟಿಗಾ ತಗೊಂಡು ಐದು ವರ್ಷ ಆಯ್ತು, ಈಗ ಹಂಪ್ ಇಳಿಯುವಾಗ ಧಡ್ ಅನ್ನುತ್ತೆ, ಶಾಕ್ ಅಬ್ಸಾರ್ಬರ್ ಹೋಗಿದೆಯಾ?" "ಇನ್ನೋವಾದ ಹಿಂದಿನ ಸೀಟಲ್ಲಿ ಕೂತರೆ ಅಮ್ಮನಿಗೆ ವಾಂತಿ, ಏನು ಹಾಕಿಸಬೇಕು?" "ತೊಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತೆ." ಏಳು ಸೀಟಿನ ಕಾರು ಇಟ್ಟುಕೊಂಡವರು ಸುತ್ತಿ ಬಳಸಿ ಕೇಳುವುದು ಇವನ್ನೇ. ಹೆಚ್ಚಿನವರು ಕೇಳುವ ಹೊತ್ತಿಗೆ ಗ್ಯಾರೇಜಿನಿಂದ ನಾಲ್ಕೂ ಶಾಕ್ ಅಬ್ಸಾರ್ಬರ್‌ಗೆ ಅಂದಾಜು ಪಟ್ಟಿ ಬರೆಸಿಕೊಂಡು ಬಂದಿರುತ್ತಾರೆ.

ಸ್ವಲ್ಪ ತಡೆಯಿರಿ. ಕಾರಿನ ಹಿಡಿತ, ಅಂದರೆ ಸ್ಟೇರಿಂಗ್ ತಿರುಗಿಸಿದಷ್ಟೇ ತಿರುಗಿ ಬಿಟ್ಟಾಗ ನೆಟ್ಟಗಾಗುವ ಗುಣ, ಮತ್ತು ಒಳಗೆ ಕೂತವರ ಸುಖ, ಇವೆರಡೂ ಕೆಟ್ಟಾಗ ಕಾರಣ ಹುಡುಕಲು ಒಂದು ಕ್ರಮವಿದೆ: ಪುಕ್ಕಟೆ ಆಗುವುದು ಮೊದಲು, ದುಬಾರಿಯದು ಕೊನೆಗೆ. ಗಾಳಿ, ಟೈರು, ಬ್ಯಾಲೆನ್ಸಿಂಗ್, ಅಡಿಯ ಬುಷ್ಷುಗಳು (ಲೋಹದ ಭಾಗಗಳ ಕೀಲಿನಲ್ಲಿ ಕೂರುವ ರಬ್ಬರ್ ತುಂಡುಗಳು), ಆಮೇಲೆ ಶಾಕ್ ಅಬ್ಸಾರ್ಬರ್. ಈ ಕ್ರಮ ತಪ್ಪಿಸಿದರೆ ಹೊಸ ಸಾಮಾನು ಹಾಕಿಸಿದ ಮೇಲೂ ಹಳೆಯ ಸದ್ದು ಹಾಗೇ ಉಳಿಯುತ್ತದೆ, ಏನು ಕೆಟ್ಟಿತ್ತು ಅನ್ನುವುದೂ ತಿಳಿಯುವುದಿಲ್ಲ.

ಬೇಕಾಗುವುದು ಕಡಿಮೆ. ನಿಮ್ಮದೇ ಆದ ಒಂದು ಗಾಳಿ ಗೇಜ್, ಟಾರ್ಚ್, ಅಳತೆ ಟೇಪು, ಒಂದು ನೋಟ್‌ಬುಕ್ಕು, ಜೊತೆಗೆ ಗಾಡಿ ಓಡಿಸಬಲ್ಲ ಇನ್ನೊಬ್ಬರು. ಮನೆ ಹತ್ತಿರ ಎರಡು ಮೂರು ಕಿಲೋಮೀಟರಿನ ಒಂದು ದಾರಿ ಗುರುತು ಮಾಡಿಕೊಳ್ಳಿ. ಅದರಲ್ಲಿ ಒಂದು ಹಂಪ್, ಒಂದಿಷ್ಟು ತೇಪೆ ಹಾಕಿದ ಡಾಂಬರು, ಒಂದು ನೇರ ರಸ್ತೆ ಇರಲಿ. ಪ್ರತಿ ಸಲವೂ ಅದೇ ದಾರಿಯಲ್ಲಿ ಪರೀಕ್ಷೆ ಮಾಡಿ. ಇವತ್ತು ಹಾಸನ ಹೈವೇಯಲ್ಲಿ, ನಾಳೆ ಬಡಾವಣೆಯ ಗಲ್ಲಿಯಲ್ಲಿ ಓಡಿಸಿ ನೋಡಿದರೆ ಏನೂ ಗೊತ್ತಾಗದು.

1. ಮೊದಲು ದೂರು ಬರೆದುಕೊಳ್ಳಿ

"ಸಸ್ಪೆನ್ಷನ್ ಸರಿ ಇಲ್ಲ" ಎನ್ನುವುದು ದೂರಲ್ಲ. ಯಾವ ಸೀಟಿನಲ್ಲಿ, ಎಷ್ಟು ವೇಗದಲ್ಲಿ, ಎಂಥ ರಸ್ತೆಯಲ್ಲಿ, ಎಷ್ಟು ಜನ ಇದ್ದಾಗ, ಇಷ್ಟನ್ನೂ ಬರೆಯಿರಿ. ಗಾಡಿ ಓಡಿಸುವವರಿಗೆ ಮೂರನೇ ಸಾಲಿನ ಕಷ್ಟ ಗೊತ್ತೇ ಆಗುವುದಿಲ್ಲ. ಕೀಲಿಯನ್ನು ಬೇರೆಯವರಿಗೆ ಕೊಟ್ಟು ಒಮ್ಮೆ ನೀವೇ ಹಿಂದೆ ಕೂತು ಬನ್ನಿ.

ಸದ್ದು, ಅನುಭವಗಳಿಗೂ ಒಂದೊಂದು ಅರ್ಥವಿದೆ. ಸಣ್ಣ ತೇಪೆಗಳ ಮೇಲೆ ನಿಧಾನಕ್ಕೆ ಹೋಗುವಾಗ ಟಕ್ ಟಕ್ ಅಂದರೆ ಲಿಂಕ್ ರಾಡ್ ಎಂಬ ಅಡಿಯ ಸಣ್ಣ ಕಡ್ಡಿಯ ಕಡೆ ನೋಡಬೇಕು. ಹಂಪಿನ ಮೇಲೆ ಕಿರ್ ಅಂದರೆ ರಬ್ಬರ್ ಬುಷ್. ಹಂಪ್ ದಾಟಿದ ಮೇಲೂ ದೋಣಿಯ ಹಾಗೆ ಎರಡು ಮೂರು ಸಲ ತೇಲಿದರೆ ಅದು ಶಾಕ್ ಅಬ್ಸಾರ್ಬರ್. ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ ಬಂದರೆ ಚಕ್ರದ ಬ್ಯಾಲೆನ್ಸ್. ಎಲ್ಲ ರಸ್ತೆಯಲ್ಲೂ ಗಡುಸಾಗಿ ಕುಕ್ಕಿದರೆ ಹತ್ತರಲ್ಲಿ ಆರು ಏಳು ಸಲ ಗಾಳಿ ಜಾಸ್ತಿಯಾಗಿದೆ ಎಂದೇ ನಮ್ಮ ಅಂದಾಜು.

2. ದೋಷ ಯಾವುದು, ಕಾರಿನ ಹುಟ್ಟುಗುಣ ಯಾವುದು

ಇದು ತಿಳಿಯದೆ ದುಡ್ಡು ಸುರಿದವರು ಬಹಳ. ಇನ್ನೋವಾ ಕ್ರಿಸ್ಟಾ ಚಾಸಿ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರಗಳು ತಳ್ಳುವ ಗಾಡಿ. ಹಿಂದಿನ ಎರಡು ಚಕ್ರಗಳ ನಡುವೆ ಗಟ್ಟಿ ಆಕ್ಸಲ್ ಇರುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಅದರ ಏಟು ತಾಗುತ್ತದೆ. ಸ್ಪ್ರಿಂಗು ತುಂಬಿದ ಗಾಡಿಗೆಂದು ಮಾಡಿದ್ದು. ಒಬ್ಬರೇ ಓಡಿಸುವಾಗ ಹಿಂಭಾಗ ಪುಟಿಯುತ್ತದೆ, ಆರು ಜನ ಕೂತರೆ ಗಂಭೀರವಾಗಿ ಸಾಗುತ್ತದೆ. ಖಾಲಿ ಗಾಡಿಯ ಪುಟಿತಕ್ಕೆ ಮದ್ದು ಹುಡುಕಬೇಡಿ.

ಎರ್ಟಿಗಾ, ಕ್ಯಾರೆನ್ಸ್, ಇನ್ನೋವಾ ಹೈಕ್ರಾಸ್ ಮೂರರಲ್ಲೂ ಬಾಡಿ ಮತ್ತು ಚಾಸಿ ಒಂದೇ ಚಿಪ್ಪು. ಎಳೆಯುವುದು ಮುಂದಿನ ಚಕ್ರ, ಹಿಂದೆ ಟಾರ್ಷನ್ ಬೀಮ್, ಅಂದರೆ ಸ್ವಲ್ಪ ತಿರುಚಿಕೊಳ್ಳಬಲ್ಲ ಉಕ್ಕಿನ ಅಡ್ಡತೊಲೆ. ಇವು ಸ್ಟೇರಿಂಗಿಗೆ ಬೇಗ ಓಗೊಡುತ್ತವೆ, ಹೈವೇಯಲ್ಲಿ ಕಾರಿನಂತೆಯೇ ಓಡುತ್ತವೆ. ಆದರೆ ಯಾವ ಏಳು ಸೀಟಿನ ಗಾಡಿಯಾದರೂ ಮೂರನೇ ಸಾಲು ಹಿಂದಿನ ಚಕ್ರಗಳ ಹತ್ತಿರವೇ ಇರುತ್ತದೆ. ಎತ್ತಿನಗಾಡಿಯ ಅಚ್ಚಿನ ಮೇಲೆ ಕೂತ ಹಾಗೆ, ಪ್ರತಿ ಹಂಪೂ ನೇರ ಬೆನ್ನಿಗೆ. ಎಷ್ಟು ಲಕ್ಷದ ಗಾಡಿ ತಂದರೂ ಇದು ಕಡಿಮೆಯಾದೀತೇ ಹೊರತು ಹೋಗುವುದಿಲ್ಲ.

ಸೆಡಾನ್ ಬಿಟ್ಟು ಬಂದವರಿಗೆ ತಿರುವಿನಲ್ಲಿ ವಾಲುವುದು ಭಯ ಹುಟ್ಟಿಸಬಹುದು. ಎತ್ತರದ ಗಾಡಿ ವಾಲುತ್ತದೆ. ಮೊದಲಿಗಿಂತ ಜಾಸ್ತಿ ವಾಲುತ್ತಿದೆ, ಅಥವಾ ಒಂದು ಕಡೆಗೆ ಮಾತ್ರ ಹೆಚ್ಚು ವಾಲುತ್ತಿದೆ ಅನ್ನಿಸಿದರೆ ಆಗ ನೋಡಬೇಕು.

3. ಗಾಳಿ: ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಮುಂದಿನ ಮತ್ತು ಹಿಂದಿನ ಟೈರಿಗೆ ಎಷ್ಟು ಗಾಳಿ ಅಂತ ಅದರಲ್ಲಿದೆ. ಹಲವು ಗಾಡಿಗಳಲ್ಲಿ ಕಡಿಮೆ ಜನ ಇದ್ದಾಗ ಒಂದು ಅಳತೆ, ಪೂರ್ತಿ ತುಂಬಿದಾಗ ಇನ್ನೊಂದು. ನಿಮಗೆ ಬೇಕಾದ ಸಂಖ್ಯೆ ಅದೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ತುಂಬಿಸಿದರೆ ಕಾರು ಕಲ್ಲಿನ ಮೇಲೆ ಓಡಿದಂತಾಗುತ್ತದೆ, ಬ್ರೇಕ್ ಹಿಡಿತವೂ ಕಡಿಮೆಯಾಗುತ್ತದೆ.

ಗಾಳಿ ನೋಡಬೇಕಾದ್ದು ಟೈರು ತಣ್ಣಗಿದ್ದಾಗ. ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಬಂಕಿಗೆ ಒಂದೆರಡು ಕಿಲೋಮೀಟರ್ ಮಾತ್ರ ಬಂದಿರಬೇಕು. ಮೂವತ್ತು ಕಿಲೋಮೀಟರ್ ಓಡಿ ಬಂದ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಅದನ್ನು ಇಳಿಸಿಬಿಟ್ಟರೆ ಮರುದಿನ ಬೆಳಿಗ್ಗೆ ಗಾಳಿ ಕಡಿಮೆ. ಹವೆಯ ಉಷ್ಣತೆ ಐದಾರು ಡಿಗ್ರಿ ಏರಿಳಿದರೆ ಸುಮಾರು ಒಂದು ಪಿಎಸ್‌ಐ ವ್ಯತ್ಯಾಸ. ಆದ್ದರಿಂದ ಏಪ್ರಿಲ್‌ನ ಕಲಬುರಗಿಯಲ್ಲಿ ಮಧ್ಯಾಹ್ನ ಹಾಕಿಸಿದ ಗಾಳಿ ಡಿಸೆಂಬರ್‌ನ ಮಡಿಕೇರಿಯ ಬೆಳಗ್ಗೆಗೆ ಸಾಲದು.

ಬಂಕಿನಲ್ಲಿ ಕೇಳದೇ ಇದ್ದರೆ "ಮೂವತ್ತೈದು ಹಾಕ್ಲಾ ಸಾರ್" ಅನ್ನುತ್ತಾರೆ, ಎಲ್ಲ ಗಾಡಿಗೂ ಅದೇ. ಯಂತ್ರದ ಮೇಲೂ ಪೂರ್ತಿ ಭರವಸೆ ಬೇಡ. ಅಲ್ಲಿ ಎರಡು ಪಿಎಸ್‌ಐ ಜಾಸ್ತಿ ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ನಿಮ್ಮ ಗೇಜಿನಲ್ಲಿ ನೋಡಿ ಬೇಕಾದಷ್ಟಕ್ಕೆ ಇಳಿಸುವುದು ಅತಿ ಸುಲಭದ ದಾರಿ. ನೈಟ್ರೋಜನ್ ಬಗ್ಗೆ ಕೇಳುವವರಿಗೆ: ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ, ಸುಖದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಸ್ಟೆಪ್ನಿ ಮರೆಯಬೇಡಿ. ಎರ್ಟಿಗಾ, ಇನ್ನೋವಾಗಳಲ್ಲಿ ಅದು ಗಾಡಿಯ ಹೊಟ್ಟೆಯಡಿ ನೇತಾಡುತ್ತಿರುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ.

4. ಟೈರನ್ನು ಓದಿ

ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಬಹಳ ದಿನ ಗಾಳಿ ಕಡಿಮೆ ಇತ್ತು. ನಡು ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ. ಅಂಗೈಯಿಂದ ಮೆಲ್ಲಗೆ ಸವರಿ; ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಅದೂ ಅಲೈನ್‌ಮೆಂಟಿನದೇ ಕುರುಹು. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸ್ ಕೈಕೊಟ್ಟಿದೆ. ಹೀಗೆ ತಗ್ಗು ಬಿದ್ದ ಟೈರು ಗುಂಯ್ ಅಂತ ಸದ್ದು ಮಾಡುತ್ತದೆ. ಹಲವರು ಅದನ್ನು ಬೇರಿಂಗ್ ಸದ್ದು ಎಂದುಕೊಂಡು ಬೇರಿಂಗ್ ಬದಲಿಸಿರುತ್ತಾರೆ. ಸವರುವಾಗ ಉಕ್ಕಿನ ತಂತಿ ಹೊರಬಂದಿದ್ದರೆ ಕೈ ಕೊಯ್ದೀತು, ಮೊದಲು ಕಣ್ಣಲ್ಲಿ ನೋಡಿ.

ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಆ ಟೈರು ಮುಗಿಯಿತು. ಒಳಗಿನ ದಾರ ಹರಿದಿದೆ, ಯಾವ ಅಂಗಡಿಯೂ ಅದನ್ನು ಸರಿಮಾಡಲಾರದು. ಸಾಲುಗಳ ನಡುವೆ ಇರುವ ಸಣ್ಣ ದಿಣ್ಣೆಯ ಮಟ್ಟಕ್ಕೆ ರಬ್ಬರ್ ಸವೆದರೆ ಆಳ 1.6 ಮಿಮೀ ಉಳಿದಿದೆ ಎಂದರ್ಥ. ನಮ್ಮ ಮಳೆಗಾಲಕ್ಕೆ ಅಷ್ಟರವರೆಗೆ ಕಾಯುವುದು ಬೇಡ.

ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3521 ಅಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಗಾಡಿಯಾದರೂ ಐದಾರು ವರ್ಷ ದಾಟಿದರೆ ರಬ್ಬರ್ ಗಟ್ಟಿಯಾಗುತ್ತದೆ, ಸದ್ದು ಮತ್ತು ಕುಕ್ಕಾಟ ಹೆಚ್ಚುತ್ತದೆ. "ಬಟನ್ ಚೆನ್ನಾಗಿದೆ" ಎಂದು ಎಂಟು ವರ್ಷದ ಟೈರು ಇಟ್ಟುಕೊಂಡು ಶಾಕ್ ಅಬ್ಸಾರ್ಬರ್ ಬದಲಿಸಬೇಡಿ.

ದೊಡ್ಡ ಅಲಾಯ್ ಹಾಕಿಸುವ ಆಸೆ ಇದ್ದರೆ ಲೆಕ್ಕ ನೋಡಿ. 185/65 ಆರ್15 ಟೈರಿನಲ್ಲಿ ರಿಮ್ಮಿನಿಂದ ನೆಲದವರೆಗೆ ರಬ್ಬರಿನ ಎತ್ತರ ಸುಮಾರು 120 ಮಿಮೀ. ಅದೇ ಸುತ್ತಳತೆ ಉಳಿಸಿಕೊಂಡು 195/55 ಆರ್16ಕ್ಕೆ ಹೋದರೆ ಸುಮಾರು 107 ಮಿಮೀ. ತಿರುವಿನಲ್ಲಿ ಚುರುಕು ಬರುತ್ತದೆ, ಆದರೆ ಗುಂಡಿಯ ಏಟು ಹೀರುತ್ತಿದ್ದ 13 ಮಿಮೀ ಮೆತ್ತೆ ಹೋಯಿತು. ಮನೆಮಂದಿಯ ಗಾಡಿಗೆ ಇದು ನಷ್ಟದ ವ್ಯಾಪಾರ. ಅಳತೆಯ ಮುಂದಿರುವ 88ಟಿ ಥರದ ಗುರುತನ್ನೂ ಬಿಡಬೇಡಿ. 88 ಅಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ಹೊಸ ಟೈರಿನಲ್ಲಿ ಈ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

5. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಒಂದೇ ಅಲ್ಲ

ಚಕ್ರದ ಸುತ್ತ ತೂಕ ಸಮವಾಗಿರುವಂತೆ ಸೀಸದ ತುಂಡು ಕೂರಿಸುವುದು ಬ್ಯಾಲೆನ್ಸಿಂಗ್. ಚಕ್ರಗಳು ಒಂದಕ್ಕೊಂದು ಸರಿಯಾದ ಕೋನದಲ್ಲಿ ನಿಲ್ಲುವಂತೆ ಮಾಡುವುದು ಅಲೈನ್‌ಮೆಂಟ್. ಎಂಬತ್ತರಿಂದ ನೂರಹತ್ತರ ನಡುವೆ ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸ್, ಸೀಟು ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಅದಕ್ಕೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಪ್ರಯೋಜನವಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ತೋಟದ ದಾರಿಯ ಕೆಂಪು ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದರೆ ಅಷ್ಟಕ್ಕೇ ಗಾಡಿ ನಡುಗುತ್ತದೆ. ಅಂಗಡಿಗೆ ಹೋಗುವ ಮೊದಲು ಚಕ್ರದ ಒಳಭಾಗಕ್ಕೆ ಜೋರಾಗಿ ನೀರು ಹೊಡೆಸಿ. ಬ್ಯಾಲೆನ್ಸಿಂಗ್ ಮಾಡುವವರು ಹಳೆಯ ಸೀಸ ತೆಗೆಯದೆ ಮೇಲೆ ಮೇಲೆ ಅಂಟಿಸುವುದೂ ಉಂಟು, ನಿಂತು ನೋಡಿ. ಚಕ್ರ ಯಂತ್ರದಲ್ಲಿ ತಿರುಗುವಾಗ ರಿಮ್ಮಿನ ಅಂಚು ಅಲುಗಿದಂತೆ ಕಂಡರೆ ರಿಮ್ ಬಗ್ಗಿದೆ.

ಕಾರು ಎಡಕ್ಕೆ ಎಳೆಯುತ್ತದೆ ಎಂಬ ದೂರಿಗೆ ಅಲೈನ್‌ಮೆಂಟೇ ಕಾರಣವಾಗಬೇಕಿಲ್ಲ. ನೀರು ಹರಿಯಲೆಂದು ರಸ್ತೆಯ ನಡು ಎತ್ತರ, ಅಂಚು ಇಳಿಜಾರು ಮಾಡಿರುತ್ತಾರೆ. ಎಡಕ್ಕೆ ಓಡಿಸುವ ನಮ್ಮಲ್ಲಿ ಕೈಬಿಟ್ಟ ಕಾರು ಮೆಲ್ಲಗೆ ಎಡಕ್ಕೆ ಸರಿಯುವುದು ಸಹಜ. ಸಮತಟ್ಟಾದ ಕಡೆಯೂ ಎಳೆದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ತಪ್ಪು ಟೈರಿನದು. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರಿಗೆ ಮಾತ್ರ ಈ ಪರೀಕ್ಷೆ ಬೇಡ.

ಅಲೈನ್‌ಮೆಂಟ್ ಮಾಡಿಸಿದರೆ ಮೊದಲಿನ ಮತ್ತು ನಂತರದ ಅಳತೆ ಇರುವ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೆ ಅಥವಾ ಹೊರಗೆ ತಿರುಗಿರುವುದು. ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಚಕ್ರದ ತಲೆ ಓರೆಯಾಗಿರುವುದು. ಎರ್ಟಿಗಾದಂಥ ಬಹುಪಾಲು ಕಾರುಗಳಲ್ಲಿ ಅಂಗಡಿಯಲ್ಲಿ ತಿದ್ದಲು ಬರುವುದು ಮುಂದಿನ ಟೋ ಮಾತ್ರ. ಚೀಟಿಯಲ್ಲಿ ಕ್ಯಾಂಬರ್ ಮಿತಿ ಮೀರಿ ಕೆಂಪು ಬಣ್ಣದಲ್ಲಿ ಬಂದರೆ ಏನೋ ಬಗ್ಗಿದೆ ಅಥವಾ ಬುಷ್ ಸವೆದಿದೆ. "ಎಲ್ಲ ಸೆಟ್ ಮಾಡಿದೀವಿ" ಅನ್ನುವ ಮಾತು ಸಾಲದು.

6. ಕಾರಿನ ಅಡಿಯ ಸಣ್ಣ ಸಾಮಾನುಗಳು

ಐವತ್ತು ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಸದ್ದು ಬಂದರೆ ನಮ್ಮ ಮೊದಲ ಗುಮಾನಿ ಇವುಗಳ ಮೇಲೆ. ಲಿಂಕ್ ರಾಡ್ ಎಂದರೆ ತಿರುವಿನಲ್ಲಿ ವಾಲದಂತೆ ತಡೆಯುವ ಅಡ್ಡ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿ. ಅದರ ಗುಂಡು ಸಡಿಲವಾದರೆ ಇಪ್ಪತ್ತರ ವೇಗದಲ್ಲಿ ತೇಪೆಗಳ ಮೇಲೆ ಟಕ್ ಟಕ್ ಅನ್ನುತ್ತದೆ. ಶಾಕ್ ಅಬ್ಸಾರ್ಬರ್ ಹೋಯಿತೆಂದು ತಪ್ಪು ತಿಳಿಯುವುದು ಹೆಚ್ಚಾಗಿ ಇದನ್ನೇ. ಬೆಲೆಯೋ, ಶಾಕ್ ಅಬ್ಸಾರ್ಬರಿನ ಪಕ್ಕದಲ್ಲಿ ಏನೇನೂ ಅಲ್ಲ. ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ.

ಎಂಜಿನ್ ಚಾಲೂ ಇಟ್ಟು, ಗಾಡಿ ನಿಂತಲ್ಲೇ ಒಬ್ಬರು ಸ್ಟೇರಿಂಗ್ ಆಚೀಚೆ ತಿರುಗಿಸಲಿ. ನೀವು ಬಾನೆಟ್ ತೆರೆದು ಎರಡು ಮೂಲೆಯ ಗುಬ್ಬಿಗಳ ಮೇಲೆ ಬೆರಳಿಡಿ. ಸ್ಪ್ರಿಂಗ್ ಹಾರಿದಂತೆ ಟಂಗ್ ಎಂದು ಬೆರಳಿಗೆ ತಾಗಿದರೆ ಸ್ಟ್ರಟ್ ಮೌಂಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಸ್ಟ್ರಟ್ಟನ್ನು ಮೇಲೆ ಬಾಡಿಗೆ ಹಿಡಿದಿಡುವ ಭಾಗ) ಅಥವಾ ಅದರ ಬೇರಿಂಗ್ ಹೋಗಿದೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಮುಂಭಾಗದಿಂದ ಒಂದೊಂದು ಏಟು ಕೇಳಿದರೆ ಲೋವರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ತೋಳಿನ ಬುಷ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಡಿಸುವಾಗ ಕಟಕಟ ಅಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್; ಅದರ ರಬ್ಬರ್ ಕವಚ ಹರಿದು ಗ್ರೀಸ್ ಹೊರಗೆ ಬಂದಿರುತ್ತದೆ. ಜಾಕ್ ಒಂದನ್ನೇ ನಂಬಿ ಗಾಡಿಯಡಿ ತೂರಬೇಡಿ. ಈ ಕೆಲಸ ಲಿಫ್ಟ್ ಇರುವ ಗ್ಯಾರೇಜಿನದು.

ಗ್ಯಾರೇಜಿನಲ್ಲಿ ಒಂದು ವಿಷಯ ಕಣ್ಣಾರೆ ನೋಡಿ. ಲೋವರ್ ಆರ್ಮ್ ಹಾಕಿದ ಮೇಲೆ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡುವುದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿ ಮಾಡಿಬಿಟ್ಟರೆ, ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗಾಡಿ ಗಡುಸಾಗಿ ಓಡುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. "ಕಂಪನಿ ಬುಷ್ಷೇ ಹಾಕಿಸಿದ್ದೆ, ಬಾಳಲಿಲ್ಲ" ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದು. ಅವಸರದ ಗ್ಯಾರೇಜಿನಲ್ಲಿ ಈ ಹಂತವನ್ನು ಬಿಟ್ಟುಬಿಡುತ್ತಾರೆ.

7. ಈಗ ಶಾಕ್ ಅಬ್ಸಾರ್ಬರ್

ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ. ಆ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ, ಎರಡು ಮೂರು ಸಲ ಆಡಿದರೆ ಹೋಗಿದೆ. ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು, ಹೈವೇಯ ತೇಲಾಟವನ್ನೂ ಜೊತೆಗಿಟ್ಟು ನೋಡಿ. ಕೊಳವೆಯ ಮೇಲೆ ತೆಳುವಾಗಿ ಎಣ್ಣೆಯ ಮಬ್ಬು, ಧೂಳು ಅಂಟಿದ್ದರೆ ಚಿಂತೆಯಿಲ್ಲ. ಒದ್ದೆಯಾಗಿ ಎಣ್ಣೆ ಇಳಿಯುತ್ತಿದ್ದರೆ ಬದಲಿಸಲೇಬೇಕು.

ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಿಂದ ಅಳೆಯಿರಿ. ಎಡಬಲಗಳಲ್ಲಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಕುಸಿದಿದೆಯೇ, ಕೆಳಗಿನ ಸುತ್ತು ಮುರಿದಿದೆಯೇ ನೋಡಿಸಿ.

ಬದಲಿಸುವಾಗ ಮುಂದಿನ ಜೋಡಿ ಇಲ್ಲವೇ ಹಿಂದಿನ ಜೋಡಿ, ಒಂಟಿ ಬೇಡ. ಜೊತೆಗೆ ಬಂಪ್ ಸ್ಟಾಪರ್ ಮತ್ತು ಧೂಳು ಕವಚವನ್ನೂ ಹೊಸದು ಹಾಕಿಸಿ, ಮುಂದಾದರೆ ಮೌಂಟನ್ನೂ ಸೇರಿಸಿ. ಬಂಪ್ ಸ್ಟಾಪರ್ ಅಂದರೆ ದೊಡ್ಡ ಗುಂಡಿಯಲ್ಲಿ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ರಬ್ಬರ್ ತುಂಡು. ಅದು ಪುಡಿಯಾಗಿದ್ದರೆ ಹೊಸ ಶಾಕ್ ಅಬ್ಸಾರ್ಬರ್ ಕೂಡ ಹಂಪಿನಲ್ಲಿ ಧಡ್ ಅನ್ನುತ್ತದೆ.

ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಬಗ್ಗೆ ವಾರಕ್ಕೊಬ್ಬರು ಕೇಳುತ್ತಾರೆ. ಹಾಕಿದ ಕೂಡಲೇ ಗಾಡಿ ತುಸು ಎತ್ತರವಾಗುತ್ತದೆ, ಹಂಪಿಗೆ ಹೊಟ್ಟೆ ತಾಗುವುದು ನಿಲ್ಲುತ್ತದೆ, ಇದು ನಿಜ. ಆದರೆ ಸ್ಪ್ರಿಂಗಿನ ಒಂದು ಸುತ್ತನ್ನು ಕಟ್ಟಿಹಾಕಿದಂತೆ. ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಖಾಲಿ ಗಾಡಿ ಇನ್ನಷ್ಟು ಕುಕ್ಕುತ್ತದೆ. ಸದಾ ಆರೇಳು ಜನ ತುಂಬಿ ಓಡುವ ಟ್ಯಾಕ್ಸಿಗೆ ಹಿಂದೆ ಮಾತ್ರ ಹಾಕಿಸಿದರೆ ಒಪ್ಪಬಹುದು. ಮನೆಯ ಗಾಡಿಗೆ ಬೇಡ.

8. ಭಾರ, ಸೀಟು, ಘಾಟಿ

ಏಳು ಜನ, ತಲೆಗೆ 65 ಕಿಲೋ ಅಂದರೆ 455 ಕಿಲೋ. ಧರ್ಮಸ್ಥಳದ ಪ್ರಯಾಣದ ಚೀಲ, ತಿಂಡಿ ಡಬ್ಬಿ, ನೀರಿನ ಕ್ಯಾನ್ ಸೇರಿದರೆ ಐನೂರು ದಾಟಿತು. ಹೊರಡುವ ಹಿಂದಿನ ರಾತ್ರಿಯೇ ಪೂರ್ತಿ ಭಾರದ ಅಳತೆಗೆ ಗಾಳಿ ಏರಿಸಿ, ವಾಪಸು ಬಂದ ಮೇಲೆ ಇಳಿಸಿ. ಭಾರದ ಸಾಮಾನು ಕೆಳಗೆ, ಸೀಟಿಗೆ ಒತ್ತಿದಂತೆ ಇರಲಿ. ಚಾವಣಿಯ ಕ್ಯಾರಿಯರ್ ಮೇಲೆ ಹಗುರವಾದದ್ದು ಮಾತ್ರ. ಮೇಲೆ ಭಾರ ಹೇರಿದಷ್ಟೂ ತಿರುವಿನಲ್ಲಿ ವಾಲುತ್ತದೆ. ಭಾರಕ್ಕೆ ಗಾಡಿಯ ಹಿಂಭಾಗ ತಗ್ಗಿದಾಗ ಹೆಡ್‌ಲೈಟ್ ಮೇಲಕ್ಕೆ ಎತ್ತಿಕೊಂಡು ಎದುರಿನವರ ಕಣ್ಣು ಕುಕ್ಕುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬೆಳಕು ತಗ್ಗಿಸುವ ಗಾಲಿ ಇದ್ದರೆ ಬಳಸಿ.

ಮೂರನೇ ಸಾಲಿನಲ್ಲಿ ಸೀಟು ತಗ್ಗು, ನೆಲ ಎತ್ತರ. ತೊಡೆಗೆ ಆಸರೆಯಿಲ್ಲದೆ ಮಂಡಿ ಮೇಲೇಳುತ್ತದೆ. ಬೆನ್ನುನೋವು, ಮಂಡಿನೋವು ಇರುವ ಹಿರಿಯರನ್ನು ಅಲ್ಲಿ ಕೂರಿಸಬೇಡಿ. ವಾಂತಿಯ ತೊಂದರೆ ಇರುವವರಿಗೆ ಎರಡನೇ ಸಾಲು, ಸಾಧ್ಯವಾದರೆ ಮುಂದಿನ ಸೀಟು, ಕಣ್ಣು ಮೊಬೈಲಿನ ಬದಲು ರಸ್ತೆಯ ಮೇಲೆ. ಆದರೂ ಹೆಚ್ಚಿನ ಜವಾಬ್ದಾರಿ ಓಡಿಸುವವರದೇ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ತಿರುವಿನ ಮೊದಲೇ ವೇಗ ಇಳಿಸಿ ಗೇರ್ ಹಾಕಿಕೊಂಡು, ಒಂದೇ ಹದದಲ್ಲಿ ಸ್ಟೇರಿಂಗ್ ತಿರುಗಿಸಿದರೆ ಹಿಂದಿನವರು ನಿದ್ದೆ ಮಾಡುತ್ತಾರೆ. ತಿರುವಿನ ನಡುವೆ ಬ್ರೇಕ್ ಒತ್ತಿದರೆ ಯಾವ ಶಾಕ್ ಅಬ್ಸಾರ್ಬರೂ ಕಾಪಾಡದು.

ಸುಖಕ್ಕೆಂದು ದಪ್ಪ ಸೀಟ್ ಕವರ್ ಹಾಕಿಸುವವರಿಗೆ ಎಚ್ಚರಿಕೆ: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತು ಇದ್ದರೆ ಆ ಜಾಗ ಮುಚ್ಚುವ ಕವರ್ ಹಾಕಲೇಬೇಡಿ. ಬ್ಯಾಗು ಹೊರಬರಲು ಅದೇ ದಾರಿ.

9. ಗ್ಯಾರೇಜಿನಲ್ಲಿ ಹೇಳಬೇಕಾದ್ದು, ಆಮೇಲೆ ಮಾಡಬೇಕಾದ್ದು

"ಸಸ್ಪೆನ್ಷನ್ ಚೆಕ್ ಮಾಡಿ" ಎನ್ನಬೇಡಿ. "ಮುಂದೆ ಎಡಗಡೆ, ಇಪ್ಪತ್ತರ ವೇಗದಲ್ಲಿ, ತೇಪೆ ರಸ್ತೆಯಲ್ಲಿ ಟಕ್ ಅನ್ನುತ್ತೆ, ಬ್ರೇಕ್ ಹಿಡಿದರೆ ನಿಲ್ಲುತ್ತೆ" ಎಂದು ನೋಟ್‌ಬುಕ್ ನೋಡಿ ಹೇಳಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಕೇಳಿಸಿ. ಒಂದು ಸಲಕ್ಕೆ ಒಂದೇ ರಿಪೇರಿ, ನಂತರ ನಿಮ್ಮ ಗುರುತಿನ ದಾರಿಯಲ್ಲಿ ಓಟ. ಹಳೆಯ ಸಾಮಾನು ಕೇಳಿ ಪಡೆದು ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲವಿಲ್ಲದ ಲಿಂಕ್ ರಾಡ್ ಬದಲಿಸಿದ್ದರೆ ಅಲ್ಲೇ ಕೇಳಿ.

ಲೋವರ್ ಆರ್ಮ್, ಸ್ಟ್ರಟ್, ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಅಲೈನ್‌ಮೆಂಟ್ ಮೊದಲು ಮಾಡಿಸಿ ಬುಷ್ ಆಮೇಲೆ ಹಾಕಿಸಿದರೆ ಆ ದುಡ್ಡು ನೀರಿಗೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟು ಮತ್ತು ಹೊಸ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಿಸಿ. ಟೈರುಗಳನ್ನು 10,000 ಕಿಲೋಮೀಟರಿಗೊಮ್ಮೆ ಜಾಗ ಬದಲಿಸಿ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಹಿಂದಿನ ಚಕ್ರ ತಳ್ಳುವ ಕ್ರಿಸ್ಟಾದಂಥ ಗಾಡಿಯಲ್ಲಿ ಇದು ತಿರುಗುಮುರುಗು. ಬದಲಿಸಿದ ಕೂಡಲೇ ಗಾಳಿಯನ್ನೂ ಆಯಾ ಜಾಗದ ಅಳತೆಗೆ ತಿದ್ದಿಕೊಳ್ಳಿ.